‘ಕ್ರ್ಯಾಶ್ ಆಗ್ತಿದೆ’ ಅಂದರೆ ಸಾಲದು

ಬೆಳಿಗ್ಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲೇ ಬರೆದುಬಿಡುತ್ತೇನೆ.

ಬಿಡುವಿದ್ದಾಗ ನಾನು ಒಂದು ಸ್ಪ್ರೆಡ್‌ಶೀಟ್ ತಂತ್ರಾಂಶದ ಬಗ್ ವರದಿಗಳನ್ನು, ಅಂದರೆ ಅದರ ತಪ್ಪುಗಳ ಬಗ್ಗೆ ಬಳಸುವವರು ಕಳಿಸುವ ದೂರುಗಳನ್ನು, ನೋಡುತ್ತೇನೆ. ಇವತ್ತು ಬಂದ ವರದಿ ಇದು: ‘ಕ್ರ್ಯಾಶ್ ಆಗ್ತಿದೆ. ಬೇಗ ಸರಿ ಮಾಡಿ.’ ಅಷ್ಟೇ. ತಂತ್ರಾಂಶ ತಟ್ಟನೆ ಮುಚ್ಚಿಹೋಗುತ್ತಿದೆ ಅಂತ ಗೊತ್ತಾಯಿತು, ಯಾವ ಆವೃತ್ತಿ ಅಂತ ಇಲ್ಲ. ಫೈಲ್ ಇಲ್ಲ. ಏನು ಮಾಡುವಾಗ ಆಯಿತು ಅಂತಲೂ ಇಲ್ಲ. ಎಕ್ಸೆಲ್ ಆಗಲಿ, ಲಿಬ್ರೆಆಫೀಸ್ ಕ್ಯಾಲ್ಕ್ ಆಗಲಿ, ಒಂದು ಹಾಳೆಗೆ 10,48,576 ಸಾಲು. ಎಲ್ಲಿ ಅಂತ ಹುಡುಕೋಣ, ಹೇಳಿ?

ಹೋದ ವಾರ ಬಂದ ಇನ್ನೊಂದು ವರದಿ ಮನಸ್ಸಿನಲ್ಲಿದೆ. ಅದಕ್ಕೇ ಸಿಟ್ಟು ಜಾಸ್ತಿ. ಸುಮಾರು 40,000 ಸಾಲಿನ ಫೈಲ್. ವರದಿ ಕಳಿಸಿದವರು ಅದನ್ನು ನಕಲು ಮಾಡಿಕೊಂಡು ಅರ್ಧ ಸಾಲು ಅಳಿಸಿ ನೋಡಿದ್ದಾರೆ. ಆಗಲೂ ಕ್ರ್ಯಾಶ್ ಆದರೆ ಮತ್ತೆ ಅರ್ಧ. ಆಗದಿದ್ದರೆ ಅಳಿಸಿದ ಅರ್ಧವನ್ನು ತಂದು ನೋಡಿದ್ದಾರೆ. ಹೀಗೆ ಹದಿನಾಲ್ಕು ಸಲ! ಉಳಿದದ್ದು ಮೂರೇ ಸಾಲು, ಒಂದು ಮರ್ಜ್ ಮಾಡಿದ (ಹಲವನ್ನು ಸೇರಿಸಿ ಒಂದಾಗಿಸಿದ) ಸೆಲ್. ಹೆಸರು, ಮೊತ್ತ ಎಲ್ಲ ತೆಗೆದು ಸುಮ್ನೆ ಅ, ಆ, ಇ ತುಂಬಿದ್ದಾರೆ. ಕೆಳಗೆ ಬರೆದಿದ್ದಾರೆ: ‘ಎರಡನೇ ಸಾಲು ಅಳಿಸಿ. ಫಿಲ್ಟರ್ ತೆಗೆದುಹಾಕಿ. ಕಂಟ್ರೋಲ್ ಝಡ್ ಎರಡು ಸಲ ಒತ್ತಿ.’

ಒತ್ತಿದೆ. ತಂತ್ರಾಂಶ ತಟ್ಟನೆ ಮುಚ್ಚಿಹೋಯಿತು. ನನಗೆ ಎದ್ದು ಕುಣಿಯುವಷ್ಟು ಖುಷಿ.

ಕಣ್ಣೆದುರು ನಡೆದರೆ ಬ್ಯಾಕ್‌ಟ್ರೇಸ್ ಸಿಗುತ್ತದೆ. ಕ್ರ್ಯಾಶ್ ಆದ ಗಳಿಗೆಯಲ್ಲಿ ಯಾವ ಫಂಕ್ಷನ್ (ಕೋಡಿನ ತುಣುಕು) ಯಾವುದನ್ನು ಕರೆದಿತ್ತು ಅನ್ನುವ ಪಟ್ಟಿ ಅದು. ಸಾಲು ಅಳಿಸಿದಾಗ ಅದರ ಮೆಮೊರಿ ಬಿಡುಗಡೆಯಾಗಿತ್ತು. ಕಂಟ್ರೋಲ್ ಝಡ್ ಒತ್ತಿದಾಗ ನಡೆಯುವ ಅನ್‌ಡೂ (ಮಾಡಿದ್ದನ್ನು ಹಿಂದಕ್ಕೆ ತರುವ ಕೆಲಸ) ಮಾತ್ರ ಆ ಮೆಮೊರಿಯ ಹಳೆಯ ವಿಳಾಸವನ್ನೇ ಹಿಡಿದುಕೊಂಡಿತ್ತು. ಇಂಥ ತಪ್ಪು ಒಂದು ಕಂಪ್ಯೂಟರಿನಲ್ಲಿ ಕ್ರ್ಯಾಶ್ ಮಾಡುತ್ತದೆ, ಇನ್ನೊಂದರಲ್ಲಿ ಸದ್ದಿಲ್ಲದೆ ದಾಟಿಹೋಗುತ್ತದೆ. ಆವೃತ್ತಿ ಯಾವುದು, ಆಪರೇಟಿಂಗ್ ಸಿಸ್ಟಮ್ ಯಾವುದು ಅಂತ ಕೇಳುವುದು ಇದಕ್ಕೇ. ಯಾರನ್ನೂ ಪೀಡಿಸಲು ಅಲ್ಲ.

ಸರಿಪಡಿಸಿದ್ದು ಆರು ಸಾಲಿನ ಕೋಡ್. ಆ ಪುಟ್ಟ ಫೈಲ್ ಈಗ ಪರೀಕ್ಷೆಗಳ ಜೊತೆ ಸೇರಿದೆ. ಇನ್ನು ಯಾರು ಕೋಡ್ ಬದಲಿಸಿದರೂ ಅದೇ ಹೆಜ್ಜೆಗಳು ತಾವಾಗಿ ನಡೆಯುತ್ತವೆ, ತಪ್ಪು ಮರಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

‘ಇದೆಲ್ಲ ಬಳಸುವವರ ಕೆಲಸವಾ?’ ಅಂತ ಕೇಳುವವರಿದ್ದಾರೆ. ಎಲ್ಲರೂ ಅರ್ಧರ್ಧ ಮಾಡುತ್ತಾ ಕೂರಲಿ ಅಂತ ನಾನೂ ಹೇಳುವುದಿಲ್ಲ. ಆದರೆ ಫೈಲ್ ಇರುವುದು ಅವರ ಹತ್ತಿರ ತಾನೇ? ಕೊನೆಗೆ ಒತ್ತಿದ ಕೀ ಗೊತ್ತಿರುವುದು ಅವರಿಗೆ ಮಾತ್ರ ಅಲ್ವಾ? ತನ್ನ ಮುಂದೆ ಒಮ್ಮೆಯೂ ಆಗದ ಕ್ರ್ಯಾಶನ್ನು ಎಂಥ ಜಾಣ ಡೆವಲಪರ್ ಆದರೂ ಹೇಗೆ ಸರಿ ಮಾಡುತ್ತಾನೆ?

ಒಂದು ಮಾತು ಒಪ್ಪಿಕೊಳ್ಳಬೇಕು. ‘ವರದಿ ಕಳುಹಿಸಬೇಕೇ?’ ಅಂತ ತಂತ್ರಾಂಶ ಕೇಳಿದಾಗೆಲ್ಲ ವರ್ಷಗಟ್ಟಲೆ ನಾನೂ ‘ಬೇಡ’ ಒತ್ತಿದವನೇ. ಒಂದು ರಾತ್ರಿ ಮೂರು ಗಂಟೆಯ ಕೆಲಸ ಹೋಯಿತು. ಹುಡುಕಿದರೆ, ಅದೇ ಕ್ರ್ಯಾಶ್ ಬಗ್ಗೆ ಎರಡು ವರ್ಷದ ಹಿಂದೆಯೇ ಯಾರೋ ಬರೆದಿದ್ದರು. ಡೆವಲಪರ್‌ಗಳು ಫೈಲ್ ಕೊಡಿ ಅಂತ ಕೇಳಿದ್ದರು. ಉತ್ತರ ಬಂದಿರಲಿಲ್ಲ, ವರದಿಯನ್ನು ಮುಚ್ಚಿದ್ದರು. ಅಂಥ ಫೈಲ್ ಅಷ್ಟು ದಿನವೂ ನನ್ನ ಹತ್ತಿರ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೇ ಇವತ್ತಿನ ವರದಿಯನ್ನೂ ಮುಚ್ಚಿಲ್ಲ. ಕೇಳಿದ್ದೇನೆ: ಯಾವ ಆವೃತ್ತಿ? ಯಾವ ಫೈಲ್? ಕೊನೆಗೆ ಏನು ಒತ್ತಿದಿರಿ? ಸಂಜೆಯಾಯಿತು, ಇನ್ನೂ ಕಾಯುತ್ತಿದ್ದೇನೆ.