ಸ್ಪಷ್ಟನೆ: ಪೇಪಾಲ್ ಇಮೇಲ್ ಬಂದರೆ ಹಣ ಬಂದಂತಲ್ಲ

"ವಿದೇಶದವರಿಗೆ ದುಬಾರಿ ಕ್ಯಾಮೆರಾ, ವಾಚ್ ಮಾರುವಾಗ ಪೇಪಾಲ್‌ನಿಂದ ಇಮೇಲ್ ಬಂದರೆ ಸಾಕು, ಧೈರ್ಯವಾಗಿ ಕಳಿಸಿ. ಒಮ್ಮೆ ಬಂದ ಹಣ ವಾಪಸ್ ಹೋಗಲ್ಲ" ಎಂಬ ಸಂದೇಶ ಓಡಾಡುತ್ತಿದೆ. (ಪೇಪಾಲ್ ಎಂದರೆ ಆನ್‌ಲೈನ್‌ನಲ್ಲಿ ಹಣ ಕಳಿಸುವ, ಪಡೆಯುವ ಸೇವೆ.) ಎರಡೂ ಮಾತು ತಪ್ಪು.

ಇಮೇಲ್ ಅನ್ನು ಯಾರು ಬೇಕಾದರೂ ಸೃಷ್ಟಿಸಬಹುದು. "ಹಣ ತಡೆಹಿಡಿದಿದ್ದೇವೆ, ಟ್ರ್ಯಾಕಿಂಗ್ ನಂಬರ್ ಕೊಟ್ಟ ಕೂಡಲೇ ಬಿಡುಗಡೆ" ಎಂದು ಲೋಗೋ ಸಮೇತ ಬರುವ ನಕಲಿ ಪತ್ರ ಹಳೇ ತಂತ್ರ. ಅದರಲ್ಲಿರುವ ಲಿಂಕ್ ಒತ್ತಬೇಡಿ. ನೀವೇ ಆ್ಯಪ್ ತೆರೆದು ಖಾತೆ ನೋಡಿ; ಅಲ್ಲಿ ಕಾಣದ ಹಣ ಎಲ್ಲೂ ಇಲ್ಲ.

ಖಾತೆಗೆ ನಿಜವಾಗಿ ಜಮೆಯಾದರೂ ಕಥೆ ಮುಗಿಯುವುದಿಲ್ಲ. ಪೇಪಾಲ್ ನಿಯಮದ ಪ್ರಕಾರ ಖರೀದಿದಾರರು ಪಾವತಿಸಿದ 180 ದಿನಗಳೊಳಗೆ ತಕರಾರು ಹೂಡಬಹುದು. ಕದ್ದ ಕಾರ್ಡ್ ಅಥವಾ ಹ್ಯಾಕ್ ಆದ ಖಾತೆಯ ಹಣವಾಗಿದ್ದರೆ ಅಸಲಿ ಮಾಲೀಕರು ವಾಪಸ್ ಕೇಳುತ್ತಾರೆ, ಕೇಳಲೇಬೇಕಲ್ಲ! ಆಗ ಮಾರಾಟಗಾರರಿಗೆ ರಕ್ಷಣೆ ಸಿಗಬೇಕಾದರೆ, ವಹಿವಾಟಿನ ವಿವರದಲ್ಲಿರುವ ವಿಳಾಸಕ್ಕೇ ಕಳಿಸಿರಬೇಕು, ಅದಕ್ಕೆ ಪುರಾವೆಯೂ ಇರಬೇಕು. ದುಬಾರಿ ವಸ್ತುವಿಗೆ ತಲುಪಿದ್ದಕ್ಕೆ ಸಹಿಯನ್ನೂ ಕೇಳುತ್ತಾರೆ. ಅದಕ್ಕೇ ಮೋಸಗಾರರು "ನಾನು ಊರಲ್ಲಿಲ್ಲ, ಅಣ್ಣನ ವಿಳಾಸಕ್ಕೆ ಕಳಿಸಿ" ಎಂದು ರಾಗ ಎಳೆಯುವುದು. ಒಪ್ಪಿದರೆ ರಕ್ಷಣೆ ಹೋಯಿತು. ಹಣ ಹಿಂದಿರುಗಿಸಿ, ಸರಿಯಾದ ವಿಳಾಸದೊಂದಿಗೆ ಮತ್ತೆ ಪಾವತಿಸಲು ಹೇಳಿ.

ಬೆಲೆಗಿಂತ ಹೆಚ್ಚು ಕಳಿಸಿ "ಉಳಿದದ್ದನ್ನು ಶಿಪ್ಪಿಂಗ್ ಏಜೆಂಟ್‌ಗೆ ಕೊಡಿ" ಎನ್ನುವವರ ಜೊತೆ ಮಾತೇ ಬೇಡ.

ಹಳೇ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿಯಾಗಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.