ಮಿಂಗ್ ಸಮಾಧಿಗಿಂತ ಪೂರ್ವ ಚಿಂಗ್ ಸಮಾಧಿ ನೋಡಿ

ಚೀನಾದ ಹಡಗು ಪ್ರವಾಸದ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ, ಆದರೆ ಬೀಜಿಂಗ್‌ಗೆ ಹತ್ತಿರದ ಟಿಯಾಂಜಿನ್ ಬಂದರಿನಲ್ಲಿ ಹಡಗು ನಿಂತ ಒಂದೇ ದಿನದಲ್ಲಿ ಮಹಾಗೋಡೆ, ಮಿಂಗ್ ವಂಶದ ಚಕ್ರವರ್ತಿಗಳ ಸಮಾಧಿ ಎರಡನ್ನೂ ನೋಡಿ ಅಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ದಿನವೆಲ್ಲ ಬಸ್ಸಿನಲ್ಲೇ ಕಳೆದುಹೋಗುತ್ತದೆ. ನಾವು ಆರು ಜನ ಸೇರಿ ವ್ಯಾನ್ ಮಾಡಿಕೊಂಡು ಹೆಬೈ ಪ್ರಾಂತ್ಯದ ಝುನ್‌ಹುವಾದಲ್ಲಿರುವ ಪೂರ್ವ ಚಿಂಗ್ ಸಮಾಧಿಗಳಿಗೆ, ಅಂದರೆ ಚೀನಾದ ಕೊನೆಯ ರಾಜವಂಶವಾದ ಚಿಂಗ್ ವಂಶದ ಪೂರ್ವ ದಿಕ್ಕಿನ ಸಮಾಧಿಗಳಿಗೆ, ಹೋದೆವು. ಐವರು ಚಕ್ರವರ್ತಿಗಳು ಅಲ್ಲೇ ಮಲಗಿದ್ದಾರೆ, ಜನಜಂಗುಳಿಯೂ ಕಡಿಮೆ.

ಚಿಯಾನ್‌ಲಾಂಗ್ ಚಕ್ರವರ್ತಿಯ ಸಮಾಧಿಗೆ ಇಳಿದಾಗ ನಿಜವಾಗಲೂ ಮಾತು ಬರಲಿಲ್ಲ. ನೆಲದಡಿಯ ಕೋಣೆಗಳೆಲ್ಲ ಅಮೃತಶಿಲೆ. ಎಂಟು ಕಲ್ಲಿನ ಕದಗಳು, ಒಂದೊಂದರ ಮೇಲೂ ಒಬ್ಬ ಬೋಧಿಸತ್ವ, ಬಟ್ಟೆಯ ನೆರಿಗೆ ಕೂಡ ಎಣಿಸಬಹುದು. ಗೋಡೆ, ಚಾವಣಿ ತುಂಬ ಟಿಬೆಟನ್ ಅಕ್ಷರಗಳು, ನಡುನಡುವೆ ಸಂಸ್ಕೃತ ಮಂತ್ರಗಳು! ಲಿಪಿ ಲಾಂಟ್ಸಾ (ನೇಪಾಳ, ಟಿಬೆಟ್ ಕಡೆ ಸಂಸ್ಕೃತ ಮಂತ್ರ ಬರೆಯುವ ಲಿಪಿ), ನಮಗೆ ಓದಲು ಬರುವುದಿಲ್ಲ, ಆದರೂ ಚೀನಾದ ನೆಲದ ಕೆಳಗೆ ಸಂಸ್ಕೃತ ಅಂದರೆ ಮೈ ಜುಮ್ ಅನ್ನುತ್ತದೆ, ಅಲ್ವಾ?

ಬೇಜಾರಿನ ಸಂಗತಿ ಅಂದರೆ 1928ರಲ್ಲಿ ಸುನ್ ದಿಯಾನ್‌ಯಿಂಗ್ ಎಂಬ ಸೇನಾನಿಯ ಸೈನಿಕರು ಸಿಡಿಮದ್ದು ಇಟ್ಟು ಈ ಸಮಾಧಿಯನ್ನೂ, ಚಿಂಗ್ ವಂಶದ ಕೊನೆಗಾಲದಲ್ಲಿ ಆಡಳಿತ ನಡೆಸಿದ ರಾಣಿ ಸಿಶಿಯ ಸಮಾಧಿಯನ್ನೂ ದೋಚಿದರು. ಆಕೆ ತೀರಿಕೊಂಡು ಆಗಿನ್ನೂ 20 ವರ್ಷ ಅಷ್ಟೇ. ಸಿಶಿಯ ಸಮಾಧಿಯ ಮೆಟ್ಟಿಲ ನಡುವಿನ ಕಲ್ಲನ್ನು ತಪ್ಪದೆ ನೋಡಿ. ಅದರಲ್ಲಿ ಫೀನಿಕ್ಸ್ ಹಕ್ಕಿ ಮೇಲಿದೆ, ಡ್ರ್ಯಾಗನ್ ಕೆಳಗಿದೆ. ಅಂದರೆ ರಾಣಿ ಮೇಲೆ, ರಾಜ ಕೆಳಗೆ.

ಒಂದು ಮಾತು, ಒಳಗೆ ಥಂಡಿ ಜಾಸ್ತಿ, ಬೇಸಿಗೆಯಲ್ಲೂ ಒಂದು ಶಾಲು ಇಟ್ಟುಕೊಳ್ಳಿ. ಹಡಗು ಹೊರಡುವ ಹೊತ್ತಿಗೆ ಎರಡು ಗಂಟೆ ಮೊದಲೇ ವಾಪಸ್ ಬರುವಂತೆ ಡ್ರೈವರ್‌ಗೆ ಬರೆದು ತೋರಿಸಿ.