ಇರ್ತೀಯಾ ಅಂತ ಯಾರು ಯಾರನ್ನು ಕೇಳಬೇಕು?

ನಾನು ಇರುವುದು ಅಮೆರಿಕದ ಟೆಕ್ಸಾಸ್‌ನ ಕಿಲ್ಲೀನ್‌ನಲ್ಲಿ. ಊರಿಗೆ ಅಂಟಿಕೊಂಡೇ ಫೋರ್ಟ್ ಹುಡ್ ಅನ್ನುವ ದೊಡ್ಡ ಸೈನ್ಯದ ನೆಲೆ ಇದೆ. 2023ರಲ್ಲಿ ಅದಕ್ಕೆ ಫೋರ್ಟ್ ಕವಾಸೋಸ್ ಅಂತ ಹೆಸರಿಟ್ಟರು, 2025ರಲ್ಲಿ ಮತ್ತೆ ಹುಡ್ ಮಾಡಿದರು. ನಮ್ಮ ಬೀದಿಯವರು ಬಾಯಲ್ಲಿ ಹೆಸರು ಬದಲಿಸಿರಲೇ ಇಲ್ಲ, ಹಾಗಾಗಿ ತೊಂದರೆಯಾಗಲಿಲ್ಲ.

ಪಕ್ಕದ ಮನೆಯವನು ಸಾರ್ಜೆಂಟ್. ಹೋದ ವರ್ಷ ಅವನ ಒಪ್ಪಂದ ಮುಗಿಯುತ್ತಾ ಬಂದಿತ್ತು. ಇಲ್ಲಿ ಪಲ್ಟನ್‌ನಲ್ಲಿ ಇದಕ್ಕೇ ಅಂತ ಒಬ್ಬರು ಇರುತ್ತಾರೆ. ಅವಧಿ ಮುಗಿಯುವ ಸೈನಿಕನನ್ನು ಕೂರಿಸಿಕೊಂಡು ಏನು ಬೇಕಪ್ಪಾ ನಿನಗೆ, ಯಾವ ಊರಿಗೆ ಹೋಗಬೇಕು, ಯಾವ ತರಬೇತಿ ಬೇಕು, ಇಷ್ಟು ಬೋನಸ್ ಕೊಟ್ಟರೆ ಇರ್ತೀಯಾ ಅಂತ ಕೇಳುವುದೇ ಅವರ ಕೆಲಸ. ಹೆಚ್ಚುಕಮ್ಮಿ ಮದುವೆ ದಲ್ಲಾಳಿ ಇದ್ದ ಹಾಗೆ. ಇವನು ಹೆಂಡತಿಯ ಜೊತೆ ಒಂದು ತಿಂಗಳು ಚರ್ಚೆ ಮಾಡಿ ಕೊನೆಗೆ ಹೂಂ ಅಂದ. ಮತ್ತೆ ಸೇರುವಾಗ ತೆಗೆದುಕೊಳ್ಳುವ ಪ್ರಮಾಣವನ್ನು ಯಾವ ಅಧಿಕಾರಿ ಬೋಧಿಸಬೇಕು ಅನ್ನುವುದನ್ನು ಸೈನಿಕನೇ ಆರಿಸಬಹುದು. ಅವನು ಈಗಿನ ಕಮಾಂಡರ್‌ನನ್ನು ಕರೆಯಲಿಲ್ಲ. ಹಳೆಯ ಲೆಫ್ಟಿನೆಂಟ್ ಒಬ್ಬಳನ್ನು ಕರೆದ. ಅವಳು ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಳು, ಇವನ ಹಿತ್ತಲಲ್ಲೇ ಪ್ರಮಾಣ ಆಯಿತು. ಯಾಕೆ ಅವಳೇ ಅಂತ ಕೇಳಿದೆ. "ನನ್ನ ಮಗು ಆಸ್ಪತ್ರೆಯಲ್ಲಿದ್ದಾಗ ನಾನು ರಜೆ ಕೇಳುವ ಮೊದಲೇ ನನ್ನ ಜಾಗಕ್ಕೆ ಬೇರೆಯವರನ್ನು ಹಾಕಿದ್ದಳು" ಅಂದ. ಅಷ್ಟೇ.

ನನಗೆ ನಮ್ಮ ಕಾಕಾ ನೆನಪಾದರು. ಬೆಳಗಾವಿ ಜಿಲ್ಲೆಯ ನಮ್ಮೂರಿನಿಂದ ಮರಾಠಾ ಲೈಟ್ ಇನ್‌ಫೆಂಟ್ರಿ ಅನ್ನುವ ಕಾಲ್ದಳದ ರೆಜಿಮೆಂಟಿಗೆ ಸೇರಿ, ಪಿಂಚಣಿ ತೆಗೆದುಕೊಂಡೇ ಊರಿಗೆ ಬಂದವರು. ಇರ್ತೀಯಾ ಅಂತ ಅವರನ್ನು ಯಾರೂ ಕೇಳಲಿಲ್ಲ. ಪಿಂಚಣಿ ಬೇಕಿದ್ದರೆ ಹದಿನೈದು ವರ್ಷ ಇರಲೇಬೇಕಿತ್ತು, ಇದ್ದರು. ಆದರೆ ಅವರು ಪಲ್ಟನ್ ಬಗ್ಗೆ ಮಾತಾಡುವಾಗ ಪಿಂಚಣಿಯ ಮಾತು ಬರುವುದೇ ಇಲ್ಲ. ಬರುವುದೆಲ್ಲ ಅವರ ಸುಬೇದಾರ್ ಸಾಹೇಬರ ಮಾತು. ಹಿಮದಲ್ಲಿ ನಡೆದು ಬಂದ ಮೇಲೆ ಒಬ್ಬೊಬ್ಬರ ಬೂಟು ಬಿಚ್ಚಿಸಿ ಟಾರ್ಚ್ ಹಿಡಿದು ಕಾಲು ನೋಡುತ್ತಿದ್ದರಂತೆ. ಏನೂ ಆಗಿಲ್ಲ ಸಾಬ್ ಅಂದರೂ ಬಿಡುತ್ತಿರಲಿಲ್ಲವಂತೆ.

ನಮ್ಮ ಸೈನ್ಯದ ಒಂದು ಗಟ್ಟಿತನ ಇಲ್ಲಿದೆ ಅಂತ ನನಗನ್ನಿಸುತ್ತದೆ. ಇನ್‌ಫೆಂಟ್ರಿಯ ಜವಾನ ನೌಕರಿಯ ಬಹುಪಾಲನ್ನು ಒಂದೇ ಪಲ್ಟನ್‌ನಲ್ಲಿ ಕಳೆಯುತ್ತಾನೆ. ಇವತ್ತು ಎಳೆಯ ಲೆಫ್ಟಿನೆಂಟ್ ಆಗಿ ಬಂದವರು ಎಷ್ಟೋ ಸಲ ಅದೇ ಪಲ್ಟನ್‌ಗೆ ಕರ್ನಲ್ ಆಗಿ ವಾಪಸ್ ಬರುತ್ತಾರೆ. ಅಮೆರಿಕದಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಎಲ್ಲರೂ ಗಂಟುಮೂಟೆ ಕಟ್ಟುತ್ತಾರೆ, ಪರಿಚಯ ಆಗುವಷ್ಟರಲ್ಲಿ ಮುಖ ಬದಲು.

ಹಾಗಂತ ಅಮೆರಿಕದವರು ಸುಮ್ನೆ ಒಳ್ಳೆಯವರಾಗಿ ಕೇಳುತ್ತಿಲ್ಲ. 1973ರಲ್ಲಿ ಕಡ್ಡಾಯ ಸೈನ್ಯ ಸೇರ್ಪಡೆ ನಿಂತ ಮೇಲೆ ಕೇಳದೆ ಗತಿಯಿಲ್ಲ. 2022ರಲ್ಲಿ ಅವರ ಭೂಸೇನೆಗೆ ಹೊಸಬರು ಗುರಿಗಿಂತ ಸುಮಾರು 15,000 ಕಡಿಮೆ ಬಂದರು. ಅದೇ ವರ್ಷ ಒಳಗಿದ್ದವರನ್ನು ಉಳಿಸಿಕೊಳ್ಳುವ ಗುರಿ ಮಾತ್ರ ದಾಟಿತ್ತು. ಅಂದರೆ ಬಾಗಿಲ ಹೊರಗಿನವರಿಗೆ ಬೇಡವಾದದ್ದು ಒಳಗಿನವರಿಗೆ ಬೇಕಾಗಿತ್ತು, ವಿಚಿತ್ರ ಅಲ್ವಾ? ಕೆಟ್ಟ ನಾಯಕತ್ವದ ಬೆಲೆಯೂ ಈ ಊರಿಗೆ ಗೊತ್ತು. 2020ರಲ್ಲಿ ಇದೇ ಫೋರ್ಟ್ ಹುಡ್‌ನಲ್ಲಿ ವನೆಸ್ಸಾ ಗಿಯೆನ್ ಅನ್ನುವ ಇಪ್ಪತ್ತು ವರ್ಷದ ಸೈನಿಕಳ ಕೊಲೆಯಾಯಿತು. ಲೈಂಗಿಕ ಕಿರುಕುಳ ಇಲ್ಲಿ ನಡೆದುಕೊಂಡು ಹೋಗುವಂಥ ವಾತಾವರಣ ಇತ್ತು ಅಂತ ತನಿಖಾ ಸಮಿತಿ ಹೇಳಿತು. ಹದಿನಾಲ್ಕು ಮಂದಿ ಮೇಲಿನವರನ್ನು ತೆಗೆದರು ಇಲ್ಲವೇ ಅಮಾನತು ಮಾಡಿದರು.

ಅದೇ ವರ್ಷದ ಆರಂಭದಲ್ಲೇ ಬೆಟಾಲಿಯನ್ (ಅಂದರೆ ಪಲ್ಟನ್) ಕಮಾಂಡರ್‌ಗಳನ್ನು ಆರಿಸುವ ಕ್ರಮವನ್ನೂ ಬದಲಿಸಿದ್ದರು. ಕೆಂಟಕಿಯ ಫೋರ್ಟ್ ನಾಕ್ಸ್ ಸೈನ್ಯದ ನೆಲೆಗೆ ಕರೆಸಿ ದಿನಗಟ್ಟಲೆ ಪರೀಕ್ಷೆ. ಸಂದರ್ಶನದಲ್ಲಿ ಮಧ್ಯೆ ಪರದೆ, ಆಚೆ ಯಾರಿದ್ದಾರೆ ಅಂತ ಕೇಳುವವರಿಗೂ ಕಾಣದು, ಉತ್ತರ ಹೇಳುವವನಿಗೂ ಕಾಣದು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು, ಕೈಕೆಳಗೆ ಕೆಲಸ ಮಾಡಿದವರು ಆ ಅಧಿಕಾರಿಯ ಬಗ್ಗೆ ಏನು ಹೇಳುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದದ್ದು. ನಮ್ಮಲ್ಲಿ ಅಧಿಕಾರಿಯ ಗೋಪ್ಯ ವರದಿ ಬರೆಯುವವರು ಮೇಲಿನವರು. ಕಾಕಾನ ಸುಬೇದಾರರು ಟಾರ್ಚ್ ಹಿಡಿದದ್ದು ಯಾವ ವರದಿಯಲ್ಲಿ ಬಂದೀತು?

ಈಗ ನಮ್ಮಲ್ಲಿ ಅಗ್ನಿಪಥ, ಸೈನಿಕರನ್ನು ಸೇರಿಸಿಕೊಳ್ಳುವ ಹೊಸ ಯೋಜನೆ. 2022ರ ಜೂನ್‌ನಲ್ಲಿ ಘೋಷಣೆ ಆಯಿತು. ನಾಲ್ಕು ವರ್ಷದ ನೌಕರಿ, ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನರನ್ನು ಉಳಿಸಿಕೊಳ್ಳುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ತೆಗೆದುಕೊಂಡು ಮನೆಗೆ, ಪಿಂಚಣಿ ಇಲ್ಲ. ಸೈನ್ಯ ಎಳೆಯದಾಗಿರಲಿ ಅನ್ನುವುದರ ಬಗ್ಗೆ ನನ್ನ ತಕರಾರಿಲ್ಲ. ಅಮೆರಿಕದಲ್ಲೂ ಬಹಳ ಜನ ಮೂರು ನಾಲ್ಕು ವರ್ಷಕ್ಕೇ ಬಿಡುತ್ತಾರೆ, ಸರ್ಕಾರ ಕಾಲೇಜಿನ ಫೀಸು ಕಟ್ಟುತ್ತದೆ, ಬಿಟ್ಟವನನ್ನು ಫೇಲಾದವನು ಅಂತ ಯಾರೂ ನೋಡುವುದಿಲ್ಲ. ನನ್ನ ಕಿರಿಕಿರಿ ಬೇರೆ. ಒಂದೇ ಬಂಕರಿನಲ್ಲಿರುವ ನಾಲ್ವರಲ್ಲಿ ಒಬ್ಬನೇ ಉಳಿಯುತ್ತಾನೆ ಅಂತ ನಾಲ್ವರಿಗೂ ಮೊದಲ ದಿನದಿಂದಲೇ ಗೊತ್ತಿದ್ದರೆ, ಅಲ್ಲಿ ಹವಾಲ್ದಾರ್ ಅಣ್ಣನಾಗಿ ಇರಬಲ್ಲನಾ, ಪರೀಕ್ಷಕ ಆಗಿಬಿಡುತ್ತಾನಾ? ಅಂಕ ಹಾಕುವುದೇ ಆದರೆ ಹುಡುಗರೂ ಅವನಿಗೆ ಹಾಕಲಿ. ಯಾವ ಹವಾಲ್ದಾರನ ಕೈಕೆಳಗೆ ಹುಡುಗರು ಇನ್ನೂ ಇರಬೇಕು ಅನ್ನುತ್ತಾರೆ, ಯಾರ ಕೈಕೆಳಗೆ ದಿನ ಎಣಿಸುತ್ತಾರೆ ಅನ್ನುವುದು ಕರ್ನಲ್ ಸಾಹೇಬರ ಮೇಜಿಗೆ ಬರಲಿ. ದುಡ್ಡೇನೂ ಖರ್ಚಾಗುವುದಿಲ್ಲ.

ನಮ್ಮ ಅಣ್ಣನ ಮಗ ಈ ಯೋಜನೆಯಲ್ಲೇ ಸೇರಿದ ಅಗ್ನಿವೀರ, ಮೂರನೇ ವರ್ಷ. ಮೊನ್ನೆ ರಜೆಗೆ ಬಂದಿದ್ದ. ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಸಿಕ್ಕರು. ಕಾಕಾ ಅವನನ್ನು ಕೇಳಿದರು, "ನಿಮ್ಮ ಹವಾಲ್ದಾರ್ ಹೆಂಗ ಅದಾರೋ?"

"ಚಲೋ ಅದಾರ ಅಜ್ಜಾ. ಆದ್ರ ಅವರ ಮುಂದ ಕಾಲು ನೋವು ಅಂತ ನಾ ಹೇಳಂಗಿಲ್ಲ."

ಕಾಕಾ ಮುಖ ಸ್ಕ್ರೀನಿನಿಂದ ಆಚೆ ಸರಿಯಿತು. ದನಿ ಮಾತ್ರ ಕೇಳಿಸಿತು. "ಯಾವ ಕಾಲು? ತೋರ್ಸು."